ಬಳಕೆದಾರರ ಅನುಮತಿ ಪಡೆದು ಬೇರೆ ಭಾಷೆಯ ಕೋಡ್ ಓಡಿಸುವುದು ಎಷ್ಟು ಸುರಕ್ಷಿತ?

ಪ್ರಶ್ನೆ:
ನಮಸ್ಕಾರ. ನಾನು ರಸ್ಟ್ ಭಾಷೆಯಲ್ಲಿ ಬರೆಯುತ್ತಿರುವ ಟಿಪ್ಪಣಿ ತಂತ್ರಾಂಶದಲ್ಲಿ, ಟಿಪ್ಪಣಿಯ ನಡುವೆ ಇರುವ ಪೈಥಾನ್ ಕೋಡನ್ನು ಅಲ್ಲಿಯೇ ಓಡಿಸಿ ಫಲಿತಾಂಶ ತೋರಿಸುವ ಸೌಲಭ್ಯ ಕೊಡಬೇಕೆಂದಿದ್ದೇನೆ. ಜನರು ಟಿಪ್ಪಣಿಗಳನ್ನು ಹಂಚಿಕೊಳ್ಳುವುದರಿಂದ, ಕೋಡ್ ಬರೆದವರು ಒಬ್ಬರು, ಓಡಿಸುವವರು ಇನ್ನೊಬ್ಬರು ಆಗಿರಬಹುದು. ಸದ್ಯಕ್ಕೆ "ಈ ಕೋಡನ್ನು ಓಡಿಸಬಹುದೇ?" ಎಂದು ಕೇಳಿ, ಬಳಕೆದಾರರು ಒಪ್ಪಿದ ಮೇಲೆ, ಅಪಾಯಕಾರಿ ಬಿಲ್ಟ್‌ಇನ್‌ಗಳನ್ನು (ಪೈಥಾನ್‌ನಲ್ಲಿ ಮೊದಲೇ ಸಿಗುವ ಫಂಕ್ಷನ್‌ಗಳನ್ನು) ತೆಗೆದು, ಪಠ್ಯವನ್ನು ಕೋಡ್ ಆಗಿ ಓಡಿಸುವ ಎಕ್ಸೆಕ್ ಫಂಕ್ಷನ್ ಮೂಲಕ ಓಡಿಸುತ್ತಿದ್ದೇನೆ. ಇಷ್ಟು ಸಾಕೇ?

ಉತ್ತರ 1:
ಸಾಲದು. ಬಿಲ್ಟ್‌ಇನ್‌ಗಳನ್ನು ತೆಗೆದರೂ, ಒಂದು ಖಾಲಿ ಟ್ಯೂಪಲ್‌ನಿಂದ (ಮೌಲ್ಯಗಳ ಸಾಲಿನಿಂದ) ಅದರ ಕ್ಲಾಸಿಗೆ, ಅಲ್ಲಿಂದ ಮೂಲ ಕ್ಲಾಸಿಗೆ, ಮತ್ತೆ ಅದರ ಎಲ್ಲ ಸಬ್‌ಕ್ಲಾಸುಗಳ ಪಟ್ಟಿಗೆ ಹೋಗಿ, ಫೈಲ್ ತೆರೆಯುವ ದಾರಿಯನ್ನು ಕಂಡುಕೊಳ್ಳಬಹುದು. ಇಂಥ ನಿರ್ಬಂಧಕ್ಕೆಂದೇ ಪೈಥಾನ್‌ನಲ್ಲಿದ್ದ ಆರ್‌ಎಕ್ಸೆಕ್ ಮಾಡ್ಯೂಲನ್ನು 2.3ನೇ ಆವೃತ್ತಿಯಲ್ಲಿ ನಿಷ್ಕ್ರಿಯಗೊಳಿಸಿ, 3ರಲ್ಲಿ ತೆಗೆದೇಬಿಟ್ಟರು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ, ಕೋಡನ್ನು ಬೇರೆ ಸನ್ನಿವೇಶದಲ್ಲಿ ಓಡಿಸುವ ವಿಎಂ ಮಾಡ್ಯೂಲ್ ಕೂಡ ಸುರಕ್ಷತೆಯ ಸಾಧನವಲ್ಲವೆಂದು ಅದರ ದಾಖಲೆಯಲ್ಲೇ ಬರೆದಿದೆ. ತಡೆ ಎನ್ನುವುದು ಭಾಷೆಯ ಹೊರಗಿರಬೇಕು. ಕೋಡನ್ನು ಪ್ರತ್ಯೇಕ ಪ್ರಾಸೆಸ್‌ನಲ್ಲಿ ಓಡಿಸಿ, ಮೆಮೊರಿಗೂ ಸಮಯಕ್ಕೂ ಮಿತಿ ಹಾಕಿ. ಲಿನಕ್ಸ್ ಆದರೆ ಸೆಕ್‌ಕಾಂಪ್ ಎಂಬ ಸೌಲಭ್ಯದಿಂದ ಸಿಸ್ಟಂ ಕಾಲ್‌ಗಳನ್ನೂ (ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳನ್ನೂ), ಕರ್ನಲ್ 5.13ರಿಂದ ಲಭ್ಯವಿರುವ ಲ್ಯಾಂಡ್‌ಲಾಕ್‌ನಿಂದ ಫೈಲುಗಳ ಪ್ರವೇಶವನ್ನೂ ಕಟ್ಟಿಹಾಕಿ.

ಉತ್ತರ 2:
ನೀವು ರಸ್ಟ್ ಬಳಸುತ್ತಿರುವುದರಿಂದ ವಾಸ್ಮ್‌ಟೈಮ್ ಅನ್ನು ಪರಿಶೀಲಿಸಿ; ಅದು ವೆಬ್‌ಅಸೆಂಬ್ಲಿ ಎಂಬ ಸ್ವರೂಪದ ಕೋಡನ್ನು ಪ್ರತ್ಯೇಕವಾಗಿಟ್ಟು ಓಡಿಸುವ, ರಸ್ಟ್‌ನಿಂದ ಬಳಸಬಹುದಾದ ಸಾಧನ. ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡಿದ ಪೈಥಾನ್‌ಗೆ, ವಾಸಿ (ಹೊರಗಿನ ಸಿಸ್ಟಂ ಜೊತೆ ವ್ಯವಹರಿಸುವ ಅದರ ಇಂಟರ್‌ಫೇಸ್) ಮೂಲಕ ನೀವಾಗಿ ಕೊಟ್ಟ ಫೋಲ್ಡರ್ ಬಿಟ್ಟು ಬೇರೆ ಯಾವ ಫೈಲೂ ಕಾಣುವುದಿಲ್ಲ. ಫ್ಯೂಯೆಲ್ ಮಿತಿಯಿಟ್ಟರೆ, ಅಂದರೆ ಎಷ್ಟು ಸೂಚನೆಗಳು ಓಡಬಹುದೆಂದು ಗೊತ್ತುಮಾಡಿದರೆ, ಮುಗಿಯದ ಲೂಪ್ ಕೂಡ ತಾನಾಗಿ ನಿಲ್ಲುತ್ತದೆ. ಆದರೆ ಸಿ ಭಾಷೆಯಲ್ಲಿ ಬರೆದ ಲೈಬ್ರರಿಗಳು ವಾಸಿಗಾಗಿ ಕಂಪೈಲ್ ಆಗಿರದಿದ್ದರೆ ಅವು ನಡೆಯುವುದಿಲ್ಲ. ಯಾರದೋ ಕೋಡನ್ನು ಓಡಿಸುವಾಗ ಈ ನಷ್ಟವನ್ನು ಒಪ್ಪಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅನುಮತಿ ಕೇಳುವ ಅಗತ್ಯವೇ ಇಲ್ಲವೇ?

ಉತ್ತರ 1:
ಇದೆ, ಆದರೆ ಪ್ರಶ್ನೆಯ ಸ್ವರೂಪ ಬದಲಾಗಬೇಕು. ನೂರು ಸಾಲಿನ ಕೋಡನ್ನು ಓದಿ ನಿರ್ಧರಿಸುವುದು ಹೆಚ್ಚಿನವರಿಂದ ಆಗದು. ಆದರೆ "ಈ ಟಿಪ್ಪಣಿಯು ಲೆಕ್ಕಪತ್ರ ಎಂಬ ಫೋಲ್ಡರನ್ನು ಓದಲು ಬಯಸುತ್ತಿದೆ" ಎಂದರೆ ಯಾರಾದರೂ ನಿರ್ಧರಿಸಬಲ್ಲರು. ಮೊದಲಿಗೆ ಎಲ್ಲವನ್ನೂ ಮುಚ್ಚಿಟ್ಟು, ಬೇಕಾದಾಗ ಬೇಕಾದುದನ್ನಷ್ಟೇ ಕೇಳಿ. ಕೊಟ್ಟ ಅನುಮತಿಯನ್ನು ಕೋಡಿನ ಹ್ಯಾಶ್‌ನೊಂದಿಗೆ (ಕೋಡಿನಿಂದ ಲೆಕ್ಕಹಾಕಿದ ಗುರುತಿನೊಂದಿಗೆ) ಉಳಿಸಿದರೆ, ಒಂದಕ್ಷರ ಬದಲಾದರೂ ಮತ್ತೆ ಕೇಳಲು ಸಾಧ್ಯವಾಗುತ್ತದೆ. ಪ್ರಶ್ನೆಯ ಪಠ್ಯವನ್ನು ನಿಮ್ಮ ತಂತ್ರಾಂಶವೇ ರಚಿಸಬೇಕು. ಕೋಡಿನಿಂದ ಬರುವ ಹೆಸರುಗಳಲ್ಲಿ ಕಂಟ್ರೋಲ್ ಅಕ್ಷರಗಳನ್ನು (ಕಣ್ಣಿಗೆ ಕಾಣದೆ, ಪರದೆಯ ಮೇಲಿನ ಪಠ್ಯವನ್ನು ಬದಲಿಸಬಲ್ಲ ಅಕ್ಷರಗಳನ್ನು) ಉಳಿಸಿದರೆ, ಬಳಕೆದಾರರಿಗೆ ಕಾಣುವುದು ಒಂದು, ಅವರು ಒಪ್ಪುವುದು ಇನ್ನೊಂದು ಆಗಬಹುದು. ಹೀಗೆ ಅನುಮತಿ ಕೇಳಿ ಜಾವಾಸ್ಕ್ರಿಪ್ಟ್ ಓಡಿಸುವ ಡೆನೋದ ಪ್ರಶ್ನೆಯಲ್ಲಿಯೇ ಇಂಥ ದೋಷ ಪತ್ತೆಯಾಗಿ, ಅದನ್ನು ಸರಿಪಡಿಸಬೇಕಾಯಿತು.

ಬೇರೆ ಪ್ರೋಗ್ರಾಂ ಆರಂಭಿಸುವ ಅನುಮತಿಯನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ಹಾಗೆ ಆರಂಭವಾದ ಪ್ರಾಸೆಸ್‌ಗೆ ಡೆನೋದ ನಿರ್ಬಂಧಗಳು ಅನ್ವಯಿಸುವುದಿಲ್ಲ. ನಿಮ್ಮಲ್ಲಿಯೂ, ತಡೆಯನ್ನು ಆಪರೇಟಿಂಗ್ ಸಿಸ್ಟಂ ಮಟ್ಟದಲ್ಲಿ ಹಾಕಿರದಿದ್ದರೆ, ಆ ಒಂದು ಒಪ್ಪಿಗೆಯು ಎಲ್ಲವನ್ನೂ ಕೊಟ್ಟಂತೆಯೇ.