ಮಂಗಳೂರು ಹಂಚು ಮಂಗಳೂರಲ್ಲೇ ಯಾಕೆ ಬೆಳೆಯಿತು?

ಘಟ್ಟದ_ಮೇಲಿನವ:
ಜೇಡಿಮಣ್ಣು ಎಷ್ಟೋ ಹೊಳೆದಂಡೆಗಳಲ್ಲಿ ಸಿಗುತ್ತೆ. ಹಾಗಿದ್ದೂ ಹಂಚಿನ ಉದ್ಯಮ ನೇತ್ರಾವತಿ, ಗುರುಪುರ ಹೊಳೆಗಳ ಆಸುಪಾಸಿನಲ್ಲೇ ಬೇರೂರಿದ್ದು ಯಾಕೆ? ಇನ್ನೊಂದು, ಹಳೇ ಮನೆಯಿಂದ ಇಳಿಸಿದ ಹಂಚು ಕೊಳ್ಳುವಾಗ ಏನೇನು ನೋಡಬೇಕು?

ಜೆಪ್ಪು_ಕಡೆ:
ಮಣ್ಣಿಗಿಂತ ಮೊದಲು ಸಾಗಾಟ ನೋಡಿ ಸರ್. ಒಂದು ಹಂಚು ಎರಡೂವರೆ ಕಿಲೋದಷ್ಟು ತೂಗುತ್ತದೆ, 100 ಚದರಡಿಗೆ ಸುಮಾರು 150 ಬೇಕು. ಅಷ್ಟು ಭಾರವನ್ನು ಎತ್ತಿನ ಗಾಡಿಯಲ್ಲಿ ದೂರ ಒಯ್ದರೆ ಬಾಡಿಗೆಗೇ ದುಡ್ಡು ಮುಗಿಯುತ್ತದೆ, ಕುಲುಕಾಟಕ್ಕೆ ಒಡೆಯುವುದು ಬೇರೆ. ಇಲ್ಲಿ ಮಣ್ಣು ದೋಣಿಯಲ್ಲಿ ಬಂತು, ಹಂಚು ಸುಡುವ ಗೂಡಿನ ಸೌದೆ ಅದೇ ಹೊಳೆಯಲ್ಲಿ ಇಳಿದು ಬಂತು, ಸುಟ್ಟ ಹಂಚು ದಕ್ಕೆಯಿಂದ ಮಂಜಿ (ಹಾಯಿ ಹಡಗು) ಹತ್ತಿ ಮುಂಬಯಿಗೆ ಹೋಯಿತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಆಲ್ಬುಕರ್ಕ್ ಕಾರ್ಖಾನೆ 1868ರಲ್ಲಿ. ಮಂಗಳೂರಿಗೆ ರೈಲು ಬಂದದ್ದು 1907ಕ್ಕೆ. ಅಲ್ಲಿವರೆಗಿನ ನಾಲ್ಕು ದಶಕ ದೂರದ ವ್ಯಾಪಾರವನ್ನು ಹೊತ್ತದ್ದು ನೀರೇ.

ಕುಲುಮೆ_ಗೂಡು:
ಮಣ್ಣನ್ನು ಅಷ್ಟು ಹಗುರವಾಗಿ ಬಿಡಬೇಡಿ. ಹೊಳೆಮಣ್ಣಲ್ಲಿ ಚಿಪ್ಪಿನ ಚೂರು ಉಳಿದರೆ ಗೂಡಿನಲ್ಲಿ ಸುಟ್ಟು ಸುಣ್ಣವಾಗುತ್ತೆ. ಮಳೆ ಬಿದ್ದಾಗ ಆ ಸುಣ್ಣ ನೀರು ಕುಡಿದು ಅರಳಿ, ಹಂಚಿನ ಮೈಯಿಂದ ಚಕ್ಕೆ ಏಳುತ್ತೆ. ಜಿಗುಟು ಹೆಚ್ಚಾದರೆ ಒಣಗುವಾಗ ಸೊಟ್ಟಗಾಗುತ್ತೆ, ಮರಳು ಹೆಚ್ಚಾದರೆ ನೀರು ಹೀರುತ್ತೆ. ಅದಕ್ಕೇ ಬೇರೆ ಬೇರೆ ಮಣ್ಣು ಬೆರೆಸಿ, ಹದಕ್ಕೆ ಬಿಟ್ಟು, ಪಗ್‌ಮಿಲ್ಲಿನಲ್ಲಿ (ಮಣ್ಣು ನಾದುವ ಯಂತ್ರ) ಅರೆದು, ಪ್ರೆಸ್ಸಿನಲ್ಲಿ ಒತ್ತಿ, ನೆರಳಲ್ಲೇ ಒಣಗಿಸುವುದು. ಬಿಸಿಲಿಗಿಟ್ಟರೆ ಅಂಚು ಮೊದಲು ಕುಗ್ಗಿ ಬಿರುಕು ಬಿಡುತ್ತೆ. ಸೊಟ್ಟ ಹಂಚು ಪಕ್ಕದ್ದರ ತೋಡಿಗೆ (ಅಂಚಿನ ಕಾಲುವೆಗೆ) ಕೂರುವುದಿಲ್ಲ, ಈ ಹಂಚಿನ ಜೀವ ಇರುವುದೇ ಆ ಕೂಡಿಕೆಯಲ್ಲಿ.

ಮಾಡು_ಮೇಸ್ತ್ರಿ:
ಎರಡನೇ ಪ್ರಶ್ನೆಗೆ: ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಚೆನ್ನಾಗಿ ಬೆಂದಿದೆ. ಸದ್ದು ಮಂದವಾದರೆ ಬಿರುಕಿದೆ ಇಲ್ಲವೇ ಅರೆಬೆಂದದ್ದು. ಅನುಮಾನ ಬಂದರೆ ಪಾಚಿ ಉಜ್ಜಿ, ಪೂರ್ತಿ ಒಣಗಿಸಿ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿ. ತೂಕ ಶೇ. 20ಕ್ಕಿಂತ ಹೆಚ್ಚು ಏರಿದರೆ ಬೇಡ.

ಹಿಂಬದಿಯ ಮುದ್ರೆ ನೋಡಿ ಒಂದೇ ಕಾರ್ಖಾನೆಯವನ್ನು ಆರಿಸಿ. ಬೇರೆ ಅಚ್ಚಿನವು ಕಣ್ಣಿಗೆ ಒಂದೇ ಥರ ಕಂಡರೂ ತೋಡು ಕೂಡುವುದಿಲ್ಲ, ಅಲ್ಲೇ ಸೋರುವುದು. ಹಂಚು ತಂದಮೇಲೆಯೇ ರೀಪು (ಹಂಚು ಕೂರಿಸುವ ಅಡ್ಡಪಟ್ಟಿ) ಹೊಡೆಸಿ. ಎರಡು ಹಂಚು ಕೂಡಿಸಿ ಅಳೆದು ಅಂತರ ಹಾಕಿ. ಮಾಡಿನ (ಚಾವಣಿಯ) ಇಳಿಜಾರು ಸುಮಾರು 30 ಡಿಗ್ರಿಯಾದರೂ ಇರಲಿ, ತಗ್ಗಿದರೆ ಗಾಳಿಮಳೆಗೆ ನೀರು ಹಂಚಿನಡಿ ನುಗ್ಗುತ್ತದೆ.