ರಫ್ತು ಪ್ರಶಸ್ತಿ ಅರ್ಜಿ: ಇವತ್ತು ಸಂಜೆ ಸಿಎ ಮೇಡಂ ಉತ್ತರ ಕೊಡ್ತಾರೆ, ಕೇಳಿ

ಅಡ್ಮಿನ್: ಮೇಡಂ ಎರಡು ವರ್ಷ ಒಂದು ಮಂಡಳಿಯ ಪ್ರಶಸ್ತಿ ಅರ್ಜಿ ಪರಿಶೀಲನೆಗೆ ಕೂತಿದ್ದವರು. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಈವ್ನಿಂಗ್ ಸ್ಟಿಕ್ಕರ್ ಬೇಡ.

ಮಂಗಳೂರು ಗೋಡಂಬಿ: ಮೇಡಂ, ರಫ್ತು ಮೊತ್ತ ಅಂತ ಇನ್‌ವಾಯ್ಸ್ ಬೆಲೆ ಹಾಕಬೇಕಾ, ಎಫ್‌ಒಬಿನಾ?

ಸಿಎ ಮೇಡಂ: ಎಫ್‌ಒಬಿ, ಅಂದರೆ ಹಡಗಿಗೆ ಹತ್ತಿಸುವವರೆಗಿನ ಮಾಲಿನ ಬೆಲೆ. ಸಿಐಎಫ್ ಇನ್‌ವಾಯ್ಸ್ ಆದರೆ ಅದರಲ್ಲಿ ಸೇರಿರುವ ಹಡಗಿನ ಬಾಡಿಗೆ, ವಿಮೆ ಕಳೆಯಿರಿ. ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್‌ನಲ್ಲಿ ಎಫ್‌ಒಬಿ ಬೇರೆಯಾಗಿಯೇ ಇರುತ್ತೆ. ನೀವು ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸುತ್ತೀರಿ ಅಲ್ವಾ? ಫಾರಂನಲ್ಲಿ ನಿವ್ವಳ ವಿದೇಶಿ ವಿನಿಮಯ ಕೇಳಿದ್ದರೆ ಆ ಆಮದನ್ನೂ ಕಳೆಯಬೇಕು. ಬಿಟ್ಟರೆ ಗೊತ್ತಾಗುತ್ತೆ, ಆಮದೂ ಅದೇ ಐಇಸಿ (ಆಮದು-ರಫ್ತು ಕೋಡ್) ಮೇಲೆ ತಾನೇ.

ಚನ್ನಪಟ್ಟಣ ಗೊಂಬೆ: ನಮಸ್ತೆ ಮೇಡಂ. ನಾವು ಅಂಚೆಯಲ್ಲಿ ಸಣ್ಣ ಸಣ್ಣ ಪಾರ್ಸಲ್ ಕಳಿಸುತ್ತೇವೆ. ಶಿಪ್ಪಿಂಗ್ ಬಿಲ್ ಇಲ್ಲ, ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಇದೆ. ಅದು ಲೆಕ್ಕಕ್ಕೆ ಬರುತ್ತಾ?

ಬೆಳಗಾವಿ ಫೌಂಡ್ರಿ: ಮೇಡಂ, ಹೋದ ವರ್ಷ ನಮ್ಮ ರಫ್ತು 1.3 ಕೋಟಿ, ಈ ವರ್ಷ 4.2 ಕೋಟಿ. ಅದರಾಗ 2.6 ಕೋಟಿ ಮಾಲು ನಮ್ಮ ಕಡಿಂದ ಕೊಂಡು ಹೊರದೇಶಕ್ಕ ಮಾರೋ ಮರ್ಚಂಟ್ ಎಕ್ಸ್‌ಪೋರ್ಟರ್ ಕೈಲಿಂದ ಹೋಗೇತಿ. ಶಿಪ್ಪಿಂಗ್ ಬಿಲ್‌ನಾಗ ನಮ್ಮ ಜಿಎಸ್‌ಟಿ ನಂಬರ್ ಐತಿ. ನಮ್ಮ ಸಿಎ ಎಲ್ಲಾ ಕೂಡಿಸಿ ಸರ್ಟಿಫಿಕೇಟ್ ಕೊಟ್ಟಾರ. ಅರ್ಜಿ ಹಾಕೇವಿ. ಗೆಲ್ತೀವೇನ್ರಿ?

ಸಿಎ ಮೇಡಂ: ಸಾರ್, ಗೆಲ್ಲುವ ಮಾತು ಆಮೇಲೆ. ಮೊದಲು ಆ ಅರ್ಜಿ ವಾಪಸ್ ತಗೊಳ್ಳಿ.

ನಿಮ್ಮ ಜಿಎಸ್‌ಟಿ ನಂಬರ್ ಅಲ್ಲಿ ಯಾಕಿದೆ ಗೊತ್ತಾ? ನೀವು ಆ ಮಾಲನ್ನು 0.1% ಜಿಎಸ್‌ಟಿಗೆ ಕೊಟ್ಟಿರುತ್ತೀರಿ. ಆ ರಿಯಾಯಿತಿ ಬೇಕಾದರೆ ಮರ್ಚಂಟ್ 90 ದಿನದೊಳಗೆ ರಫ್ತು ಮಾಡಬೇಕು, ಶಿಪ್ಪಿಂಗ್ ಬಿಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್, ನಿಮ್ಮ ಬಿಲ್ ನಂಬರ್ ನಮೂದಿಸಬೇಕು. ಅದು ತೆರಿಗೆಗೆ. ರಫ್ತುದಾರ ಯಾರು ಅಂತ ನೋಡೋದು ಐಇಸಿಯಿಂದ. ಅಲ್ಲಿರೋ ಐಇಸಿ ಮರ್ಚಂಟ್‌ದು. ಡಾಲರ್ ಬಂದಿದ್ದು ಅವರ ಖಾತೆಗೆ, ಆ ಹಣ ಬಂತು ಅನ್ನೋ ಬ್ಯಾಂಕ್ ದಾಖಲೆ ಇ-ಬಿಆರ್‌ಸಿ ಅವರ ಹೆಸರಲ್ಲಿ. ನಿಮಗೆ ಬಂದಿದ್ದು ರೂಪಾಯಿ.

ಪರಿಶೀಲನೆಯಲ್ಲಿ ನಾವು ಕೂತಾಗ ಮೊದಲು ತೆಗೆಯುತ್ತಿದ್ದದ್ದು ಇ-ಬಿಆರ್‌ಸಿ ಪಟ್ಟಿ. ಪೆನ್ಸಿಲ್ ಹಿಡಿದು ಒಂದೊಂದೇ ಶಿಪ್ಪಿಂಗ್ ಬಿಲ್ ನಂಬರಿಗೆ ಟಿಕ್ ಹಾಕೋದು. ಬ್ಯಾಂಕ್ ಚಾರ್ಜ್ ಅಂತ ಹತ್ತಿಪ್ಪತ್ತು ಡಾಲರ್ ಕಮ್ಮಿ ಇದ್ದರೆ ಬಿಡುತ್ತಿದ್ದೆವು. 2.6 ಕೋಟಿಗೆ ಟಿಕ್ಕೇ ಬೀಳದಿದ್ದರೆ? ಅದೇ ವರ್ಷ ಆ ಮರ್ಚಂಟ್ ಕೂಡ ಅರ್ಜಿ ಹಾಕಿರುತ್ತಾರೆ ಅಂದ್ಕೊಳ್ಳಿ. ಒಂದೇ ಮಾಲು, ಎರಡು ಫೈಲು.

ಇನ್ನೂ ಒಂದು. ನೀವು ತೋರಿಸಿದ ಬೆಳವಣಿಗೆ 223%. ನಿಮ್ಮ ಸ್ವಂತ ರಫ್ತು 1.3ರಿಂದ 1.6 ಕೋಟಿ, ಅಂದರೆ 23%. ಅದೇನೂ ನಾಚಿಕೆಪಡುವ ಅಂಕಿ ಅಲ್ಲ! ಮರ್ಚಂಟ್‌ನಿಂದ 'ಈ ರಫ್ತಿನ ಲೆಕ್ಕ ನನಗೆ ಬೇಡ' ಅನ್ನೋ ಡಿಸ್ಕ್ಲೈಮರ್ ಪತ್ರ ತರುತ್ತೇನೆ ಅನ್ನಬೇಡಿ. ರಫ್ತು ನೋಡಿ ಸರ್ಕಾರ ಕೊಡುವ ಸ್ಟಾರ್ ಎಕ್ಸ್‌ಪೋರ್ಟ್ ಹೌಸ್ ಮಾನ್ಯತೆಯ ಲೆಕ್ಕಕ್ಕೆ ವಿದೇಶಿ ವ್ಯಾಪಾರ ನೀತಿ 2023 ಸ್ಪಷ್ಟವಾಗಿ ಹೇಳಿದೆ: ಒಬ್ಬರ ಐಇಸಿಯ ರಫ್ತನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಹಾಗಿಲ್ಲ. ನಾವು ಪ್ರಶಸ್ತಿಗೂ ಅದೇ ಅಳತೆ ಹಿಡಿಯುತ್ತಿದ್ದೆವು. ನಾಳೆ ಬೆಳಿಗ್ಗೆಯೇ ನಿಮ್ಮ ಸಿಎಗೆ ಹೇಳಿ ಹಳೆಯ ಯುಡಿಐಎನ್ (ಸಿಎ ಸರ್ಟಿಫಿಕೇಟಿನ ಗುರುತಿನ ನಂಬರ್) ರದ್ದು ಮಾಡಿಸಿ, 1.6 ಕೋಟಿಗೆ ಹೊಸ ಸರ್ಟಿಫಿಕೇಟ್ ಮಾಡಿಸಿ. ಸುಳ್ಳು ಘೋಷಣೆಗೆ ಸಹಿ ಹಾಕಿರೋದು ನೀವು, ಅವರೊಬ್ಬರೇ ಅಲ್ಲ.

ಪೀಣ್ಯ ಟೂಲ್ಸ್: ಮೇಡಂ ಎಫ್‌ಒಬಿ ಹಾಕಬೇಕಾ ಇನ್‌ವಾಯ್ಸ್ ಬೆಲೆನಾ?

ಸಿಎ ಮೇಡಂ: ಮೇಲೆ ಬರೆದಿದ್ದೇನೆ.

ಬ್ಯಾಡಗಿ ಮೆಣಸಿನಕಾಯಿ: ಫಾರ್ವರ್ಡ್ ಬಂದಿದೆ ನೋಡಿ. "ಪ್ರಶಸ್ತಿ ಗ್ಯಾರಂಟಿ! ಫೈಲ್ 100 ಪುಟ ದಾಟಬೇಕು, ಮಂತ್ರಿಗಳ ಜೊತೆ ಫೋಟೊ ಇರಬೇಕು, ಐಇಸಿ ನವೀಕರಣಕ್ಕೆ ಈ ಲಿಂಕ್‌ನಲ್ಲಿ ₹2,999 ಕಟ್ಟಿ." ನಿಜಾನಾ?

ಸಿಎ ಮೇಡಂ: ಅಯ್ಯೋ. ಆ ಲಿಂಕ್ ಯಾರೂ ಒತ್ತಬೇಡಿ. ಐಇಸಿ ಮಾಹಿತಿಯನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ವೆಬ್‌ಸೈಟಿನಲ್ಲಿ ನೀವೇ ಪುಕ್ಕಟೆ ಅಪ್‌ಡೇಟ್ ಮಾಡಬಹುದು. ಮಾಡದಿದ್ದರೆ ಐಇಸಿ ನಿಷ್ಕ್ರಿಯ ಆಗುತ್ತೆ, ಅಷ್ಟೇ ನಿಜ. ಫೋಟೊಗೆ ಅಂಕ ಇರಲಿಲ್ಲ. ಒಂದು ಫೈಲಿನಲ್ಲಿ ಗೃಹಪ್ರವೇಶದ ಫೋಟೊ ಕೂಡ ಇತ್ತು, ಇ-ಬಿಆರ್‌ಸಿ ಮಾತ್ರ ಇರಲಿಲ್ಲ.

ಬೆಂಗಳೂರು ಟ್ರೇಡರ್: ಫೌಂಡ್ರಿ ಸಾರ್, ಗಿರಾಕಿ ಹುಡುಕಿದ್ದು, ದುಡ್ಡು ಬರದಿದ್ದರೆ ನಷ್ಟ ಹೊರೋದು ಮರ್ಚಂಟ್. ಹೆಸರೂ ಅವರದೇ ಆಗಬೇಕಲ್ವಾ?

ಬೆಳಗಾವಿ ಫೌಂಡ್ರಿ: ಕುಲುಮೆ ಮುಂದ ಬೆಂದವ್ರು ನಾವು. ನೀವು ಏಸಿ ಕೆಳಗ ಕುಂತು ಲೇಬಲ್ ಹಚ್ಚಿದ್ರಿ.

ಬೆಂಗಳೂರು ಟ್ರೇಡರ್: ಹಾಗಾದರೆ ನೀವೇ ಜರ್ಮನಿಗೆ ಹೋಗಿ ಮಾರಬೇಕಿತ್ತು.

ಮಂಗಳೂರು ಗೋಡಂಬಿ: ಎಂತ ಮಾರಾಯ್ರೆ, ಇಬ್ಬರೂ ಪರ್ಸನಲ್‌ನಲ್ಲಿ ಮಾತಾಡಿ.

ಹಾಸನ ಸೌತೆ: ಪ್ರಶಸ್ತಿ ಎಲ್ಲಾ ದೊಡ್ಡವರಿಗೇ. ಸುಮ್ನೆ ಟೈಮ್ ವೇಸ್ಟ್.

ಸಿಎ ಮೇಡಂ: ಸಣ್ಣವರಿಗೆ ಬೇರೆ ವಿಭಾಗ ಇರುತ್ತೆ, ಉದ್ಯಮ್ ಸರ್ಟಿಫಿಕೇಟ್ ಲಗತ್ತಿಸಿ. ನಿಯಮಾವಳಿ ಓದದೆ ಬೈಯೋದು ಸುಲಭ.

ಹಾಸನ ಸೌತೆ: ನಾನು ಓದಿದ್ದೀನಿ ಮೇಡಂ. ನಿಮಗೊಬ್ಬರಿಗೇ ಓದೋಕೆ ಬರೋದಾ?

ಬೆಳಗಾವಿ ಫೌಂಡ್ರಿ: ಮೇಡಂ, ಅರ್ಧ ಅರ್ಧ ಹಂಚಿಕೊಂಡು ತೋರಿಸಿದ್ರ?

ಸಿಎ ಮೇಡಂ: ಇಲ್ಲ.

ಪೀಣ್ಯ ಟೂಲ್ಸ್: ಮೇಲೆ ಅಂದರೆ ಎಲ್ಲಿ ಮೇಡಂ? ಕಾಣಿಸ್ತಿಲ್ಲ.

ಬ್ಯಾಡಗಿ ಮೆಣಸಿನಕಾಯಿ: ಮೇಡಂ, ₹2,999 ಆಗಲೇ ಕಟ್ಟಿಬಿಟ್ಟೆ. ಏನು ಮಾಡಲಿ?

ಸಿಎ ಮೇಡಂ: ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಈಗಲೇ ಫೋನ್ ಮಾಡಿ. ಈಗಲೇ. ಬ್ಯಾಂಕಿಗೂ ತಿಳಿಸಿ. ನಾನು ಹೊರಟೆ, ಮಗಳಿಗೆ ಊಟ ಹಾಕಬೇಕು.

ಚನ್ನಪಟ್ಟಣ ಗೊಂಬೆ: ಮೇಡಂ, ಪೋಸ್ಟಲ್ ಬಿಲ್ ವಿಷಯ...

ಬೆಂಗಳೂರು ಟ್ರೇಡರ್: ಫೌಂಡ್ರಿ ಸಾರ್, ಲೇಬಲ್ ಅಂದಿರಲ್ಲ, ಆ ಮಾತು ವಾಪಸ್ ತಗೊಳ್ಳಿ.