ಮಿನಿ ಪಿಸಿಗೆ ಹೊರಗಿನ ಗ್ರಾಫಿಕ್ಸ್ ಕಾರ್ಡ್: 4ಕೆ 50ಪಿ ಎಡಿಟಿಂಗ್‌ಗೆ ಓಕ್ಯುಲಿಂಕ್ ಬೇಕಾ, ಯುಎಸ್‌ಬಿ4 ಸಾಕಾ?

ಮಂಟಪ_ಕಟ್ಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮದುವೆ, ಆರತಕ್ಷತೆ ವಿಡಿಯೊಗಳ ಎಡಿಟಿಂಗ್‌ಗೆ ಮಿನಿ ಪಿಸಿ ಇಟ್ಕೊಂಡಿದ್ದೀನಿ. ರೈಝನ್ 7 7840ಎಚ್‌ಎಸ್, 32 ಜಿಬಿ ರ‍್ಯಾಮ್, 1 ಟಿಬಿ ಎನ್‌ವಿಎಂಇ. ಎರಡು ಯುಎಸ್‌ಬಿ4 ಪೋರ್ಟ್, ಹೊರಗಿನ ಕಾರ್ಡನ್ನ ನೇರವಾಗಿ ಜೋಡಿಸೋ ಒಂದು ಓಕ್ಯುಲಿಂಕ್ ಪೋರ್ಟ್ ಇವೆ. ವಿಂಡೋಸ್ 11, ಡಾವಿಂಚಿ ರಿಸಾಲ್ವ್ ಸ್ಟುಡಿಯೊ 20. ಕ್ಯಾಮೆರಾ ಸೋನಿ, ಎಕ್ಸ್‌ಎವಿಸಿ ಎಚ್‌ಎಸ್ (ಅಂದ್ರೆ ಎಚ್.265), 4ಕೆ 50ಪಿ, 10-ಬಿಟ್ 4:2:2 (4:2:0ಗಿಂತ ಬಣ್ಣದ ವಿವರ ಹೆಚ್ಚಿರೋದು).

ತೊಂದರೆ ಎರಡು. ಟೈಮ್‌ಲೈನ್ ಪ್ಲೇ ಮಾಡಿದ್ರೆ ಮುಗ್ಗರಿಸುತ್ತೆ, ಎರಡು ಕ್ಯಾಮೆರಾದ ಮಲ್ಟಿಕ್ಯಾಮ್ ಅಂತೂ ಆಗೋದೇ ಇಲ್ಲ. ಮಂದ ಬೆಳಕಿನ ಶಾಟ್‌ಗೆ ಟೆಂಪೊರಲ್ ನಾಯ್ಸ್ ರಿಡಕ್ಷನ್ (ಅಕ್ಕಪಕ್ಕದ ಫ್ರೇಮ್ ಹೋಲಿಸಿ ಚುಕ್ಕಿಚುಕ್ಕಿ ತೆಗೆಯೋದು) ಹಾಕಿದ್ರೆ ಪೂರ್ತಿ ನಿಂತೇಹೋಗುತ್ತೆ. ಸೆಕೆಂಡ್‌ಹ್ಯಾಂಡ್ ಆರ್‌ಟಿಎಕ್ಸ್ 3060 12 ಜಿಬಿ ಸಿಗ್ತಾ ಇದೆ. ಅದನ್ನ ಹೊರಗಡೆ ಹಾಕಿದ್ರೆ ಎರಡೂ ಸರಿಹೋಗುತ್ತಾ? ಯಾವ ಪೋರ್ಟ್‌ಗೆ ಹಾಕಲಿ? ಪವರ್ ಸಪ್ಲೈ ಎಷ್ಟು ವ್ಯಾಟ್‌ದು ಬೇಕು?

ಫ್ರೇಮ್‌ಲೆಕ್ಕ:

3060ಗೆ ದುಡ್ಡು ಕೊಡೋ ಮುಂಚೆ ಸ್ವಲ್ಪ ತಡೀರಿ. ನೀವು ಹೇಳಿದ ಎರಡು ತೊಂದರೆಗಳಿಗೆ ಕಾರಣ ಒಂದೇ ಅಲ್ಲ.

ನಾಯ್ಸ್ ರಿಡಕ್ಷನ್, ಕಲರ್ ಗ್ರೇಡ್, ಸ್ಟೆಬಿಲೈಸೇಶನ್ ಇವೆಲ್ಲ ಕಾರ್ಡಿನ ಲೆಕ್ಕಾಚಾರದ ಕೆಲಸ. ಇಲ್ಲಿ 3060 ಖಂಡಿತ ಉಪಯೋಗಕ್ಕೆ ಬರುತ್ತೆ. ಆದರೆ ಟೈಮ್‌ಲೈನ್ ಮುಗ್ಗರಿಸೋದು ಡಿಕೋಡ್ ಹಂತದಲ್ಲಿ, ಅಂದ್ರೆ ಕ್ಯಾಮೆರಾ ಒತ್ತಿ ತುಂಬಿಸಿದ ಎಚ್.265 ಫೈಲನ್ನ ಬಿಡಿಸಿ ಒಂದೊಂದೇ ಫ್ರೇಮ್ ಮಾಡೋ ಹಂತದಲ್ಲಿ. ಅದಕ್ಕೆ ಕಾರ್ಡಿನಲ್ಲಿ ಬೇರೆಯೇ ಒಂದು ಸರ್ಕ್ಯೂಟ್ ಇರುತ್ತೆ. ಆ ಸರ್ಕ್ಯೂಟ್‌ಗೆ 4:2:2 ಗೊತ್ತಿಲ್ಲದಿದ್ದರೆ ಕಾರ್ಡ್ ಎಷ್ಟು ದೊಡ್ಡದಾದರೂ ಕೆಲಸ ಸಿಪಿಯು ತಲೆ ಮೇಲೇ ಬೀಳುತ್ತೆ.

ನಿಮ್ಮ ಮಿನಿ ಪಿಸಿಯ ಒಳಗಿರೋ ರೇಡಿಯಾನ್ 780ಎಂ ಎಚ್.265 4:2:2 ಬಿಡಿಸಲ್ಲ. ಆರ್‌ಟಿಎಕ್ಸ್ 3060 ಕೂಡ ಬಿಡಿಸಲ್ಲ. ಆರ್‌ಟಿಎಕ್ಸ್ 40 ಸರಣಿಯ ಯಾವ ಕಾರ್ಡೂ ಬಿಡಿಸಲ್ಲ, 4090 ಸೇರಿ. ಎನ್ವಿಡಿಯಾದಲ್ಲಿ ಇದು ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಇಂಟೆಲ್‌ನ 11ನೇ ತಲೆಮಾರಿನಿಂದ ಮುಂದಿನ ಚಿಪ್‌ಗಳ ಕ್ವಿಕ್ ಸಿಂಕ್ ಅನ್ನೋ ವಿಡಿಯೊ ಸರ್ಕ್ಯೂಟ್‌ನಲ್ಲಿ, ಆರ್ಕ್ ಕಾರ್ಡ್‌ಗಳಲ್ಲಿ ಮೊದಲಿಂದಲೂ ಇದೆ.

ನಂಬಿಕೆ ಬರದಿದ್ದರೆ ಈಗಲೇ ನೋಡಿ. ಯಾವ ಎಫೆಕ್ಟೂ ಇಲ್ಲದ ಒಂದೇ ಕ್ಲಿಪ್ ಟೈಮ್‌ಲೈನ್‌ಗೆ ಹಾಕಿ ಪ್ಲೇ ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಜಿಪಿಯು ತೆಗೆದು ವಿಡಿಯೊ ಡಿಕೋಡ್ ಗ್ರಾಫ್ ನೋಡಿ. ಅದು ಸೊನ್ನೆಯಲ್ಲೇ ಮಲಗಿದ್ದು ಸಿಪಿಯು ಮಾತ್ರ ಏರಿದ್ದರೆ ಸಾಫ್ಟ್‌ವೇರ್ ಡಿಕೋಡ್ ಆಗ್ತಿದೆ ಅಂತ ಅರ್ಥ. ಕ್ಯಾಮೆರಾದಲ್ಲಿ 4:2:0ಗೆ ಬದಲಿಸಿ ಹತ್ತು ಸೆಕೆಂಡ್ ಶೂಟ್ ಮಾಡಿ ಅದನ್ನೂ ಹಾಕಿ ನೋಡಿ, ಗ್ರಾಫ್ ಎದ್ದು ನಿಲ್ಲುತ್ತೆ.

ಈಗ ಪೋರ್ಟ್ ವಿಷಯ. 4ಕೆ ಫ್ರೇಮ್ ಅಂದ್ರೆ ಸುಮಾರು 83 ಲಕ್ಷ ಪಿಕ್ಸೆಲ್. 4:2:2 10-ಬಿಟ್ ಫ್ರೇಮನ್ನ ಮೆಮರಿಯಲ್ಲಿ ಪಿಕ್ಸೆಲ್‌ಗೆ 4 ಬೈಟ್‌ನಂತೆ ಇಟ್ಟರೆ ಒಂದು ಫ್ರೇಮ್ 33 ಎಂಬಿ. 50ಪಿ ಆದರೆ ಸೆಕೆಂಡಿಗೆ 1.66 ಜಿಬಿ. ಸಿಪಿಯು ಬಿಡಿಸಿದರೆ ಇಷ್ಟೂ ಕೇಬಲ್ ದಾಟಿ ಕಾರ್ಡಿಗೆ ಹೋಗಬೇಕು. ಎರಡು ಕ್ಯಾಮೆರಾ ಆದರೆ 3.3 ಜಿಬಿ. ಅದೇ ಕಾರ್ಡೇ ಬಿಡಿಸಿಕೊಳ್ಳುವುದಾದರೆ ದಾಟೋದು ಕ್ಯಾಮೆರಾ ಫೈಲ್ ಮಾತ್ರ: 200 ಎಂಬಿಪಿಎಸ್ ಫೈಲ್ ಅಂದ್ರೆ ಸೆಕೆಂಡಿಗೆ 25 ಎಂಬಿ! ಅಂದ್ರೆ ಡಿಕೋಡ್ ಮಾಡಬಲ್ಲ ಕಾರ್ಡ್ ಹಾಕಿದರೆ ಕೇಬಲ್ ಮೇಲಿನ ಹೊರೆ ತಾನಾಗೇ ಇಳಿಯುತ್ತೆ. ಹೊರಗೆ ಕಾರ್ಡ್ ಇಡೋರಿಗೆ ಇದು ಡೆಸ್ಕ್‌ಟಾಪ್‌ನವರಿಗಿಂತ ಜಾಸ್ತಿ ಮುಖ್ಯ.

ಆದ್ದರಿಂದ ನಿಮ್ಮ ಫುಟೇಜ್‌ಗೆ ಆರ್‌ಟಿಎಕ್ಸ್ 5060 ಟಿಐ 16 ಜಿಬಿ ನೋಡಿ. 8 ಜಿಬಿಯದೂ ಇದೆ, ಬೇಡ. 4ಕೆಯಲ್ಲಿ ಟೆಂಪೊರಲ್ ನಾಯ್ಸ್ ರಿಡಕ್ಷನ್ ಜತೆ ಇನ್ನೆರಡು ನೋಡ್ (ಎಫೆಕ್ಟ್ ಹಂತ) ಹಾಕಿದರೆ ಜಿಪಿಯು ಮೆಮರಿ ತುಂಬಿದೆ ಅಂತ ರಿಸಾಲ್ವ್ ಕೈಚೆಲ್ಲುತ್ತೆ.

ತೂಬು:

ಮೇಲಿನ ಲೆಕ್ಕ ಸರಿ ಇದೆ. ಪೋರ್ಟ್ ಬಗ್ಗೆ ಇನ್ನಷ್ಟು ಹೇಳ್ತೀನಿ.

ಯುಎಸ್‌ಬಿ4 ಪೋರ್ಟ್‌ಗೆ ಹಾಕೋ ಹಳೆಯ ಥಂಡರ್‌ಬೋಲ್ಟ್ 3 ಪೆಟ್ಟಿಗೆಗಳ ಮೇಲೆ 40 ಜಿಬಿಪಿಎಸ್ ಅಂತ ಬರೆದಿರುತ್ತೆ. ಅದರಲ್ಲಿ ಪಿಸಿಐಇ (ಪಿಸಿ ಮತ್ತು ಕಾರ್ಡ್ ನಡುವಿನ ಡೇಟಾ ದಾರಿ) ಪಾಲು ಹೆಚ್ಚೆಂದರೆ 32. ಕೈಗೆ ಸಿಗೋದು ಸೆಕೆಂಡಿಗೆ 2.5ರಿಂದ 3 ಜಿಬಿ. ಎಎಸ್‌ಎಂ2464ಪಿಡಿ ಚಿಪ್ ಇರೋ ಹೊಸ ಯುಎಸ್‌ಬಿ4 ಡಾಕ್‌ಗಳು (ಕಾರ್ಡ್ ಕೂರಿಸೋ ಹೊರಗಿನ ತಳಗಳು) 3ರ ಮೇಲೆ ಹೋಗುತ್ತವೆ. ಓಕ್ಯುಲಿಂಕ್ ಅಂದ್ರೆ ನಡುವೆ ಯಾವ ಅನುವಾದವೂ ಇಲ್ಲದ ಶುದ್ಧ ಪಿಸಿಐಇ 4.0, ನಾಲ್ಕು ಲೇನ್ (ಡೇಟಾ ಹರಿಯೋ ಸಾಲು). ಲೆಕ್ಕದಲ್ಲಿ 7.88 ಜಿಬಿ, ಬಳಕೆಯಲ್ಲಿ 6.5ರ ಆಸುಪಾಸು. ಪೋರ್ಟ್ ಆಗಲೇ ಇದೆಯಲ್ಲ, ಎರಡು ಸಲ ಯೋಚಿಸಬೇಡಿ, ಓಕ್ಯುಲಿಂಕ್ ತಗೊಳ್ಳಿ. ಡಾಕ್ ಬೆಲೆಯೂ ಕಡಿಮೆ. ಮಿನಿಸ್‌ಫೋರಂ ಡಿಇಜಿ1 ಥರದ್ದು ಬರೀ ಒಂದು ಹಲಗೆ, ಒಂದು ಸ್ಲಾಟ್, ಪವರ್ ಸಪ್ಲೈ ನಾವೇ ಹಾಕ್ಕೋಬೇಕು. ಎಟಿಎಕ್ಸ್ ಕೂರುತ್ತೆ, ಎಸ್‌ಎಫ್‌ಎಕ್ಸ್ ಕೂಡ ಕೂರುತ್ತೆ.

5060 ಟಿಐ ಎಂಟೇ ಲೇನ್‌ನ ಕಾರ್ಡ್ ಅಂತ ಕೆಲವರು ಮೂಗು ಮುರೀತಾರೆ. ಕೇಬಲ್ಲೇ ನಾಲ್ಕು ಲೇನ್‌ದು ಆದಾಗ ಕಾರ್ಡ್ ಎಂಟಾದರೇನು, ಹದಿನಾರಾದರೇನು? ಕೆರೆ ಎಷ್ಟು ದೊಡ್ಡದಿದ್ದರೂ ನೀರು ಬರೋದು ತೂಬಿನಷ್ಟೇ.

ಓಕ್ಯುಲಿಂಕ್‌ನ ಕಿರಿಕಿರಿಗಳೂ ಇವೆ. ಹಾಟ್‌ಪ್ಲಗ್ ಇಲ್ಲ. ಮಿನಿ ಪಿಸಿ ಆನ್ ಇದ್ದಾಗ ಕೇಬಲ್ ಹಾಕಬಾರದು, ಕೀಳಲೂಬಾರದು. ಮೊದಲು ಡಾಕ್‌ನ ಪವರ್ ಸಪ್ಲೈ ಆನ್, ಆಮೇಲೆ ಪಿಸಿ. ಆರಿಸುವಾಗ ಮೊದಲು ಪಿಸಿ, ಆಮೇಲೆ ಡಾಕ್. ಸ್ಲೀಪ್‌ಗೆ ಹೋಗಿ ಎದ್ದಾಗ ಕಾರ್ಡ್ ಕಾಣೆಯಾಗೋದು ಮಾಮೂಲು. ಸ್ಲೀಪ್, ಫಾಸ್ಟ್ ಸ್ಟಾರ್ಟ್‌ಅಪ್ ಎರಡನ್ನೂ ಆಫ್ ಮಾಡಿಬಿಡಿ. ಕೇಬಲ್ 50 ಸೆಂಟಿಮೀಟರ್ ಮೀರಬಾರದು. ಸರ್ವರ್ ಹಾರ್ಡ್‌ಡಿಸ್ಕ್‌ಗೆಂದು ಮಾಡಿದ ಎಸ್‌ಎಎಸ್ ಕೇಬಲ್‌ಗೂ ನೋಡೋಕೆ ಇದೇ ತುದಿ ಇರುತ್ತೆ. ಅದರಲ್ಲಿ ಪಿಸಿಐಇಗೆ ಬೇಕಾದ ಕ್ಲಾಕ್ ತಂತಿ ಇಲ್ಲದಿರಬಹುದು, ಆಗ ಕಾರ್ಡ್ ಪತ್ತೆಯೇ ಆಗಲ್ಲ.

ಓಕ್ಯುಲಿಂಕ್ ಪೋರ್ಟ್ ಇಲ್ಲದೆ ಇದನ್ನ ಓದ್ತಿರೋರಿಗೆ: ಎಂ.2 ಸ್ಲಾಟ್‌ನಿಂದ ಓಕ್ಯುಲಿಂಕ್ ತೆಗೆಯೋ ಅಡಾಪ್ಟರ್ ಸಿಗುತ್ತೆ. ಕೊಳ್ಳೋ ಮುಂಚೆ ಮ್ಯಾನುಯಲ್ ನೋಡಿ. ಎರಡನೇ ಎಂ.2 ಬರೀ ಸಾಟಾ ಇರಬಹುದು, ಇಲ್ಲವೇ ಒಂದೇ ಲೇನ್ ಇರಬಹುದು. ತಳದ ಮುಚ್ಚಳಕ್ಕೆ ತೂತು ಕೊರೆಯದೆ ಕೇಬಲ್ ಆಚೆ ಬರಲ್ಲ ಅನ್ನೋದೂ ತಲೇಲಿರಲಿ.

ಪ್ರಾಕ್ಸಿ_ಪರ:

ಕಾರ್ಡ್ ಖರೀದಿಗೆ ನನ್ನ ವಿರೋಧ ಇಲ್ಲ ಮಾರಾಯ್ರೆ. ಆದ್ರೆ ತೊಂದರೆ ಬರೀ ಟೈಮ್‌ಲೈನ್‌ದ್ದಾದ್ರೆ ಖರ್ಚಿಲ್ಲದ ದಾರಿ ಉಂಟಲ್ಲ. ರಿಸಾಲ್ವ್‌ನಲ್ಲಿ ಕ್ಲಿಪ್‌ಗಳನ್ನು ಸೆಲೆಕ್ಟ್ ಮಾಡಿ ಜನರೇಟ್ ಪ್ರಾಕ್ಸಿ ಮೀಡಿಯಾ ಒತ್ತಿ, ಅಂದ್ರೆ ಎಡಿಟಿಂಗ್‌ಗೆ ಹಗುರವಾದ ನಕಲು ಫೈಲ್ ಮಾಡ್ಸಿ. ಕೋಡೆಕ್ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ, ರೆಸಲ್ಯೂಶನ್ ಅರ್ಧ. ರಾತ್ರಿ ಹಚ್ಚಿಟ್ಟು ಮಲಗಿದ್ರೆ ಬೆಳಿಗ್ಗೆ ಮಲ್ಟಿಕ್ಯಾಮ್ ಸಲೀಸಾಗಿ ಓಡ್ತದೆ. ಒಂದು ಸಂಗತಿ ಮಾತ್ರ: 1080 50ಪಿಯಲ್ಲಿ ಪ್ರಾಕ್ಸಿ ಗಂಟೆಗೆ 30 ಜಿಬಿಗಿಂತ ಹೆಚ್ಚು ಜಾಗ ತಿನ್ನಬಹುದು. 1 ಟಿಬಿ ಡಿಸ್ಕ್‌ನಲ್ಲಿ ಎರಡು ದಿನದ ಮದುವೆ ಇದ್ರೆ ಬೇರೆ ಎಸ್‌ಎಸ್‌ಡಿ ಬೇಕು. ಗ್ರೇಡಿಂಗ್, ನಾಯ್ಸ್ ರಿಡಕ್ಷನ್ ಮಾಡುವಾಗ ಪ್ರಾಕ್ಸಿ ಆಫ್ ಮಾಡಿ ಮೂಲ ಫೈಲ್‌ನಲ್ಲೇ ನೋಡಬೇಕು. ಪ್ರಾಕ್ಸಿಯಲ್ಲಿ ನಾಯ್ಸ್ ಬೇರೆ ರೀತಿಯೇ ಕಾಣ್ತದೆ.

ಮಂಟಪ_ಕಟ್ಸ್:

ಗ್ರಾಫ್ ನೋಡಿದೆ. ವಿಡಿಯೊ ಡಿಕೋಡ್ ಸೊನ್ನೆ, ಸಿಪಿಯು 90ರ ಮೇಲೆ. ಹಾಗಾದ್ರೆ 3060 ಬಿಟ್ಟೆ, 5060 ಟಿಐ 16 ಜಿಬಿ ಅಂತಲೇ ಇಟ್ಕೊಳ್ಳೋಣ. ಪವರ್ ಸಪ್ಲೈ ಮತ್ತು ಯುಪಿಎಸ್ ಬಗ್ಗೆ ಹೇಳಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಈಗಿರೋದು 600 ವಿಎ. ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ ಏನಾದ್ರೂ ಬದಲಿಸಬೇಕಾ?

ಫ್ರೇಮ್‌ಲೆಕ್ಕ:

5060 ಟಿಐ 180 ವ್ಯಾಟ್. ಡಾಕ್‌ಗೆ 550 ವ್ಯಾಟ್‌ನ, ಹೆಸರಿರೋ ಕಂಪನಿಯ, 80 ಪ್ಲಸ್ ಬ್ರಾಂಜ್ ಸಪ್ಲೈ ಸಾಕು. ಕಾರ್ಡಿನ 8-ಪಿನ್‌ಗೆ ಸಪ್ಲೈನ ಸ್ವಂತ ಪಿಸಿಐಇ ಕೇಬಲ್ಲೇ ಹಾಕಿ. ಮೋಲೆಕ್ಸ್‌ನಿಂದ 8-ಪಿನ್ ಮಾಡೋ ಅಡಾಪ್ಟರ್ ಬೇಡ, ತಂತಿ ಬಿಸಿಯಾಗಿ ಕನೆಕ್ಟರ್ ಕರಗುತ್ತೆ. ಸಿಪಿಯುಗೆ ಹೋಗೋ 8-ಪಿನ್ ನೋಡೋಕೆ ಒಂದೇ ಥರ ಇದ್ರೂ ಒಳಗೆ ಪ್ಲಸ್ಸು ಮೈನಸ್ಸು ಉಲ್ಟಾ. ಬಲವಂತವಾಗಿ ತುರುಕಬೇಡಿ.

ಯುಪಿಎಸ್: ಕಾರ್ಡ್ 180, ಮಿನಿ ಪಿಸಿ ಪೂರ್ತಿ ಹೊರೆಯಲ್ಲಿ 100ರ ಹತ್ತಿರ, ಮಾನಿಟರ್ 30, ಸಪ್ಲೈನ ನಷ್ಟ ಸೇರಿದರೆ ಗೋಡೆಯಿಂದ ಎಳೆಯೋದು 340-350 ವ್ಯಾಟ್. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡೋದು 360 ವ್ಯಾಟ್. ಕಾರ್ಡ್ ಕ್ಷಣಮಾತ್ರ ಮೇಲೇರಿದರೂ ಯುಪಿಎಸ್ ಕಿರುಚಿ ಆಫ್ ಆಗುತ್ತೆ. 600 ವ್ಯಾಟ್ ಕೊಡೋ 1000 ವಿಎಗೆ ಹೋಗಿ. ಡಾಕ್, ಮಿನಿ ಪಿಸಿ, ಮಾನಿಟರ್ ಮೂರೂ ಅದೇ ಯುಪಿಎಸ್ ಮೇಲಿರಬೇಕು. ಪಿಸಿ ಯುಪಿಎಸ್‌ನಲ್ಲಿ, ಡಾಕ್ ಗೋಡೆಯಲ್ಲಿ ಇದ್ದರೆ ಕರೆಂಟ್ ಹೋದಾಗ ಓಡ್ತಿರೋ ಪಿಸಿಯಿಂದ ಕಾರ್ಡ್ ಕಿತ್ತಂತಾಗಿ ಇಡೀ ಸಿಸ್ಟಮ್ ಅಲ್ಲೇ ಹೆಪ್ಪುಗಟ್ಟುತ್ತೆ. ಒಂದೇ ಕಡೆ ಹಾಕೋದಕ್ಕೆ ಇನ್ನೊಂದು ಕಾರಣ ಅರ್ತಿಂಗ್. ಎರಡು ಬೇರೆ ಸಾಕೆಟ್‌ಗಳ ಅರ್ತ್ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ಅದು ಹರಿಯೋ ದಾರಿ ನಿಮ್ಮ ಓಕ್ಯುಲಿಂಕ್ ಕೇಬಲ್ಲೇ ಆಗುತ್ತೆ.

ಸಾಫ್ಟ್‌ವೇರ್. ಬಯೋಸ್‌ನಲ್ಲಿ ಎಬೋವ್ 4ಜಿ ಡಿಕೋಡಿಂಗ್, ರಿಸೈಝಬಲ್ ಬಾರ್ ಆನ್ ಮಾಡಿ. ಇಲ್ಲದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 12 (ಕಾರ್ಡಿಗೆ ಬೇಕಾದಷ್ಟು ಸಂಪನ್ಮೂಲ ಇಲ್ಲ ಅನ್ನೋ ದೋಷ) ಬರೋ ಸಾಧ್ಯತೆ ಇದೆ. 780ಎಂಗೆ ಮೀಸಲಿಟ್ಟ ಯುಎಂಎ ಮೆಮರಿ 4 ಅಥವಾ 8 ಜಿಬಿ ಇದ್ದರೆ 1 ಜಿಬಿಗೆ ಇಳಿಸಿ. ಅಷ್ಟು ರ‍್ಯಾಮ್ ರಿಸಾಲ್ವ್‌ಗೆ ವಾಪಸ್ ಸಿಗುತ್ತೆ, ಇದನ್ನ ಬಹಳ ಜನ ಮರೀತಾರೆ. ಎನ್ವಿಡಿಯಾದ ಸ್ಟುಡಿಯೊ ಡ್ರೈವರ್ ಹಾಕಿ. ರಿಸಾಲ್ವ್‌ನ ಪ್ರಿಫರೆನ್ಸಸ್, ಸಿಸ್ಟಮ್, ಮೆಮರಿ ಆ್ಯಂಡ್ ಜಿಪಿಯುಗೆ ಹೋಗಿ ಪ್ರೊಸೆಸಿಂಗ್ ಮೋಡ್ ಕುಡಾ ಮಾಡಿ, ಜಿಪಿಯು ಆಯ್ಕೆಯ ಆಟೊ ಟಿಕ್ ತೆಗೆದು ಎನ್ವಿಡಿಯಾ ಕಾರ್ಡನ್ನ ಮಾತ್ರ ಆರಿಸಿ. ಡಿಕೋಡ್ ಆಪ್ಷನ್ಸ್‌ನಲ್ಲಿ ಎಚ್.265ಗೆ ಎನ್ವಿಡಿಯಾ ಟಿಕ್ ಇರಲಿ, ಎಎಂಡಿ ತೆಗೀರಿ.

ಮಾನಿಟರ್ ಕೇಬಲ್ ಕಾರ್ಡಿನ ಹಿಂಭಾಗಕ್ಕೇ ಹಾಕಿ. ಮಿನಿ ಪಿಸಿಯ ಎಚ್‌ಡಿಎಂಐನಲ್ಲಿ ಬಿಟ್ಟರೆ ಕಾರ್ಡ್ ಮಾಡಿದ ಪ್ರತಿ ಫ್ರೇಮೂ ಅದೇ ಓಕ್ಯುಲಿಂಕ್ ಕೇಬಲ್‌ನಲ್ಲಿ ಹಿಂದಕ್ಕೆ ಬಂದು ಪರದೆ ಸೇರಬೇಕು.

ಸೇಬು_ಸಂಶಯ:

ಇದೇ ಡಾಕ್ ಎಂ4 ಮ್ಯಾಕ್ ಮಿನಿಗೆ ಥಂಡರ್‌ಬೋಲ್ಟ್‌ನಲ್ಲಿ ಹಾಕಬಹುದಾ?

ತೂಬು:

ಇಲ್ಲ. ಆಪಲ್‌ನ ಎಂ ಸರಣಿಯ ಯಾವ ಮ್ಯಾಕ್‌ನಲ್ಲೂ ಎಡಿಟಿಂಗ್ ಸಾಫ್ಟ್‌ವೇರ್ ಹೊರಗಿನ ಗ್ರಾಫಿಕ್ಸ್ ಕಾರ್ಡ್ ಬಳಸೋಕಾಗಲ್ಲ. ಆ ಸೌಲಭ್ಯ ಇದ್ದದ್ದು ಇಂಟೆಲ್ ಮ್ಯಾಕ್‌ಗಳಿಗೆ, ಅಂದ್ರೆ 2018ರ ಮ್ಯಾಕ್ ಮಿನಿ ಥರದವಕ್ಕೆ. ಅದೂ ಎಎಂಡಿ ಕಾರ್ಡ್ ಮಾತ್ರ. ಮ್ಯಾಕ್‌ಓಎಸ್ ಮೊಹಾವಿಯಿಂದ ಈಚೆಗೆ ಹೊಸ ಎನ್ವಿಡಿಯಾ ಕಾರ್ಡ್‌ಗಳಿಗೆ ಡ್ರೈವರೇ ಇಲ್ಲ. ಎಂ4ನಲ್ಲಿ 4:2:2 ಎಚ್.265 ಬಿಡಿಸೋ ಸರ್ಕ್ಯೂಟ್ ಒಳಗೇ ಇದೆ, ಟೈಮ್‌ಲೈನ್‌ಗೆ ಕಾರ್ಡ್ ಬೇಕಾಗೂ ಇಲ್ಲ.

ಮಂಟಪ_ಕಟ್ಸ್ ಅವರಿಗೆ ಇನ್ನೊಂದು ಮಾತು. ಎಲ್ಲ ಜೋಡಿಸಿದ ಮೇಲೆ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಬಸ್ ಇಂಟರ್‌ಫೇಸ್ ಸಾಲು ನೋಡಿ. ಸುಮ್ಮನಿದ್ದಾಗ ನಾಲ್ಕು ಲೇನ್, ಪಿಸಿಐಇ 1.1 ಅಂತ ತೋರಿಸಿದರೆ ಗಾಬರಿ ಬೇಡ, ಅದು ಪವರ್ ಉಳಿಸೋ ಸ್ಥಿತಿ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿದಾಗ 4.0ಗೆ ಏರಬೇಕು. ಏರಿ, ಆಮೇಲೆ ಎಕ್ಸ್‌ಪೋರ್ಟ್ ನಡುವೆ ಪರದೆ ಕಪ್ಪಾದರೆ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್, ಈವೆಂಟ್ 17 (ವಿಂಡೋಸ್ ಬರೆದಿಡೋ ಹಾರ್ಡ್‌ವೇರ್ ದೋಷದ ದಾಖಲೆ) ಹುಡುಕಿ. ಸಾಲುಗಟ್ಟಿ ಬಿದ್ದಿದ್ದರೆ ಕೇಬಲ್‌ನಲ್ಲಿ ಸಿಗ್ನಲ್ ಕೆಡ್ತಿದೆ. ಡ್ರೈವರ್ ಎಷ್ಟು ಸಲ ಬದಲಿಸಿದರೂ ಪ್ರಯೋಜನ ಇಲ್ಲ. ಪಿಸಿ, ಡಾಕ್ ಎರಡನ್ನೂ ಆಫ್ ಮಾಡಿ, ಕೇಬಲ್‌ನ ಎರಡೂ ತುದಿ ಕಿತ್ತು, ಟಕ್ ಅನ್ನೋವರೆಗೆ ಒತ್ತಿ ಹಾಕಿ. ಆಗಲೂ ಬಂದರೆ ಬಯೋಸ್‌ನಲ್ಲಿ ಆ ಪೋರ್ಟನ್ನ ಜೆನ್ 3ಗೆ (ಪಿಸಿಐಇ 3.0) ಇಳಿಸಿ. ಲೆಕ್ಕದಲ್ಲಿ 3.9 ಜಿಬಿ ಉಳಿಯುತ್ತೆ, ಡಿಕೋಡ್ ಕಾರ್ಡ್‌ನಲ್ಲೇ ಆಗೋದರಿಂದ ಎಡಿಟಿಂಗ್‌ನಲ್ಲಿ ವ್ಯತ್ಯಾಸ ಗೊತ್ತಾಗೋದು ಕಷ್ಟ. ಜೆನ್ 3ರಲ್ಲೂ ಈವೆಂಟ್ 17 ನಿಲ್ಲದಿದ್ದರೆ ಕೇಬಲ್ ಬದಲಿಸಿ, 30 ಸೆಂಟಿಮೀಟರ್‌ದು ಸಿಕ್ಕರೆ ಅದನ್ನೇ ತಗೊಳ್ಳಿ.